ಪುಕ್ಕಟೆ ಎಂದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡಿರಬೇಕೆ?

ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ಎಂಬ ಗಾದೆಯೊಂದು ನಮ್ಮಲ್ಲಿದೆ. ಈ ಗಾದೆಯನ್ನು ಕಟ್ಟಿದವನು ದಾನ ಕೊಡುವವನೇ ಇರಬೇಕು. ಆ ಎತ್ತನ್ನು ನೊಗಕ್ಕೆ ಹೂಡಿ ಹೊಲ ಉಳಬೇಕಾದವನಂತೂ ಅಲ್ಲ. ಕಂಪ್ಯೂಟರಿನಲ್ಲಿ ಸಂಗೀತದ ಕೆಲಸಕ್ಕೆಂದು ಬಳಸುವ ಮುಕ್ತ ತಂತ್ರಾಂಶಗಳ ವಿಷಯದಲ್ಲಿ ಇಂದು ಇದೇ ಗಾದೆಯನ್ನು ಬಡ ಬಳಕೆದಾರನ ಬಾಯಿಗೆ ತುರುಕಲಾಗುತ್ತಿದೆ.

ಹಾಡು ಮುದ್ರಿಸಿಕೊಳ್ಳುವ ಅಡಾಸಿಟಿ, ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್, ಹಲವು ಧ್ವನಿಗಳನ್ನು ಹೊಂದಿಸುವ ಆರ್ಡರ್, ಹಾಡು ಕೇಳಿಸುವ ಹತ್ತಾರು ಪ್ಲೇಯರುಗಳು - ಇವುಗಳ ಮೂಲಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಇಂತಹ ತಂತ್ರಾಂಶಗಳ ಮೇಲೆ ವರ್ಷಾನುವರ್ಷದಿಂದ ಒಂದು ದೂರು ಕೇಳಿಬರುತ್ತಿದೆ. ತೆರೆದಾಗ ಚುರುಕಾಗಿದ್ದದ್ದು ಗಂಟೆ ಎರಡು ಗಂಟೆ ಕಳೆಯುವಷ್ಟರಲ್ಲಿ ಏದುಸಿರು ಬಿಡತೊಡಗುತ್ತದೆ. ಧ್ವನಿ ತುಂಡಾಗುತ್ತದೆ. ಕೊನೆಗೆ ಮಾಡಿದ ಕೆಲಸವನ್ನೂ ಸೆಳೆದುಕೊಂಡು ಇಡೀ ಕಾರ್ಯಕ್ರಮ ಮುಳುಗಿಹೋಗುತ್ತದೆ. ಇದಕ್ಕೆ ಬಲ್ಲವರು ಇಟ್ಟಿರುವ ಹೆಸರು ಮೆಮೊರಿ ಸೋರಿಕೆ.

ದೂರು ಹೇಳಿದವನಿಗೆ ಎರಡು ದಿಕ್ಕಿನಿಂದ ಎರಡು ಉತ್ತರ ಬರುತ್ತವೆ. ಒಂದು: "ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ಮಾತೇ? ಬೇಡವಾದರೆ ಬಿಡು, ಬೇಕಾದರೆ ನೀನೇ ರಿಪೇರಿ ಮಾಡಿಕೋ." ಇನ್ನೊಂದು: "ಪುಕ್ಕಟೆಯ ಮಾಲು ಇರುವುದೇ ಹೀಗೆ. ಗಂಟು ಬಿಚ್ಚು, ಕಂಪನಿಯದನ್ನು ಕೊಂಡುಕೋ." ಈ ಎರಡು ಉತ್ತರಗಳೂ ಸುಳ್ಳು. ಎರಡೂ ಸೇರಿಕೊಂಡು ಮೂರನೆಯದೊಂದು ಸತ್ಯವನ್ನು ಮುಚ್ಚಿಡುತ್ತವೆ. ಆ ಸತ್ಯವನ್ನು ಬೀದಿಗೆ ಎಳೆದು ತರುವುದೇ ಈ ಲೇಖನದ ಉದ್ದೇಶ.

ಸೋರಿಕೆ ಎಂದರೇನು?

ಮೊದಲು ವಿಷಯವನ್ನು ತಿಳಿಯೋಣ. ಊರಿನ ದೇವಸ್ಥಾನದಲ್ಲಿ ಮದುವೆ ಮುಂಜಿಗಳಿಗೆಂದು ಊರೊಟ್ಟಿನ ಪಾತ್ರೆಗಳಿರುತ್ತವೆ. ಕೆಲಸವಿದ್ದವರು ಪುಸ್ತಕದಲ್ಲಿ ಬರೆಸಿ ಒಯ್ಯುತ್ತಾರೆ. ಕೆಲಸ ಮುಗಿದ ಮೇಲೆ ತೊಳೆದು ತಂದಿಡುತ್ತಾರೆ. ಕಂಪ್ಯೂಟರಿನ ಮೆಮೊರಿಯೂ ಹೀಗೆಯೇ. ಓಡುತ್ತಿರುವ ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದಷ್ಟು ಜಾಗವನ್ನು ಯಂತ್ರದ ಮೇಲ್ವಿಚಾರಣೆ ನಡೆಸುವ ವ್ಯವಸ್ಥೆಯಿಂದ ಎರವಲು ಪಡೆಯುತ್ತದೆ. ಕೆಲಸವಾದ ಮೇಲೆ ಹಿಂದಿರುಗಿಸಬೇಕು. ಹಿಂದಿರುಗಿಸಲು ಮರೆತರೆ? ಒಯ್ದವನಿಗೆ ತಾನು ಒಯ್ದದ್ದೇ ನೆನಪಿಲ್ಲ, ಪಾತ್ರೆ ಯಾವ ಅಟ್ಟದ ಮೇಲಿದೆಯೆಂಬುದೂ ಗೊತ್ತಿಲ್ಲ, ಪುಸ್ತಕದಲ್ಲಿ ಮಾತ್ರ ಅವನ ಹೆಸರಿದೆ. ಮತ್ತೆ ಬೇಕಾದಾಗ ಅವನು ಹೊಸ ಪಾತ್ರೆಯನ್ನೇ ಕೇಳುತ್ತಾನೆ. ಹೀಗೆ ದಿನವೂ ನಡೆದರೆ ಉಗ್ರಾಣ ಬರಿದಾಗಲೇಬೇಕು. ಇದೇ ಸೋರಿಕೆ. ತಂತ್ರಾಂಶವನ್ನು ಮುಚ್ಚಿದರೆ ವ್ಯವಸ್ಥೆಯು ಎಲ್ಲವನ್ನೂ ವಸೂಲು ಮಾಡಿಕೊಳ್ಳುತ್ತದೆ. ಆದುದರಿಂದಲೇ "ಮುಚ್ಚಿ ಮತ್ತೆ ತೆರೆ" ಎಂಬುದು ಎಲ್ಲರ ಬಾಯಲ್ಲಿರುವ ಔಷಧ. ಆದರೆ ಎರಡು ಗಂಟೆಯ ಕಚೇರಿಯನ್ನು ಮುದ್ರಿಸಿಕೊಳ್ಳುತ್ತಿರುವವನು ಪಲ್ಲವಿಯ ನಡುವೆ ಮುಚ್ಚಿ ಮತ್ತೆ ತೆರೆಯಲು ಸಾಧ್ಯವೇ?

ಸಂಗೀತದ ಕೆಲಸದಲ್ಲಿ ಈ ರೋಗ ಎದ್ದು ಕಾಣುವುದಕ್ಕೆ ಕಾರಣವಿದೆ. ಕಾಗದ ಬರೆಯುವವನು ತಂತ್ರಾಂಶವನ್ನು ಹತ್ತು ನಿಮಿಷ ತೆರೆದಿಟ್ಟಾನು. ಹಾಡು ಕೇಳುವವನು, ಮುದ್ರಿಸುವವನು, ಹಲವು ಪದರಗಳನ್ನು ಬೆಸೆಯುವವನು ದಿನವಿಡೀ ತೆರೆದಿಡುತ್ತಾನೆ. ಹನಿ ಹನಿಯಾಗಿ ಸೋರುವುದು ಹಳ್ಳವಾಗುವಷ್ಟು ಹೊತ್ತು ಅಲ್ಲಿ ಸಿಗುತ್ತದೆ.

ಸೋರಿಕೆಗೂ ವರ್ಗಭೇದವಿದೆ

ಐದನೆಯ ತರಗತಿಯ ಹುಡುಗನೂ ಮಾಡಬಲ್ಲ ಒಂದು ಲೆಕ್ಕವನ್ನು ಮಾಡೋಣ. ಸಿ.ಡಿ.ಗೆ ಬಳಸುವ ಅಳತೆಯಲ್ಲಿ ಧ್ವನಿಯನ್ನು ಒಂದು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಒಂದೊಂದು ಅಳತೆಯನ್ನೂ 32 ಬಿಟ್ಟುಗಳಲ್ಲಿ, ಅಂದರೆ 4 ಬೈಟುಗಳಲ್ಲಿ ಬರೆದಿಟ್ಟರೆ, ಎಡಬಲದ ಎರಡು ಕಿವಿಗಳಿಗೂ ಸೇರಿ ಸೆಕೆಂಡಿಗೆ 3,52,800 ಬೈಟು. ಗಂಟೆಗೆ ಸುಮಾರು 127 ಕೋಟಿ ಬೈಟು, ಎಂದರೆ ಸುಮಾರು 1.27 ಜಿ.ಬಿ. ಒಳ್ಳೆಯ ತಂತ್ರಾಂಶಗಳು ಇದನ್ನೆಲ್ಲ ಮೆಮೊರಿಯಲ್ಲಿ ತುಂಬಿಕೊಂಡು ಕೂರುವುದಿಲ್ಲ. ಡಿಸ್ಕಿಗೆ ಬರೆದು ಜಾಗವನ್ನು ಬಿಟ್ಟುಕೊಡುತ್ತವೆ. ಆದರೆ ಹಾಗೆ ಬಿಟ್ಟುಕೊಡಬೇಕಾದ ಸಾಲಿನಲ್ಲಿ ಒಂದು ತಪ್ಪು ನುಸುಳಿತೆಂದು ಇಟ್ಟುಕೊಳ್ಳಿ. ಮುದ್ರಿಸಿದ ಒಂದೊಂದು ಸೆಕೆಂಡಿನ ಧ್ವನಿಯೂ ಮೆಮೊರಿಯಲ್ಲೇ ಉಳಿದುಬಿಟ್ಟಿತೆಂದು ಇಟ್ಟುಕೊಳ್ಳಿ.

4 ಜಿ.ಬಿ. ಮೆಮೊರಿಯ ಹಳೆಯ ಯಂತ್ರ, ಅದರಲ್ಲಿ ಅರ್ಧವನ್ನು ಯಂತ್ರದ ಸ್ವಂತ ವ್ಯವಸ್ಥೆಯೇ ನುಂಗಿದೆ. ಉಳಿದ 2 ಜಿ.ಬಿ. ಒಂದೂವರೆ ಗಂಟೆ ಕಳೆದು ಸ್ವಲ್ಪ ಹೊತ್ತಿನಲ್ಲಿಯೇ ಖಾಲಿ. ಅದೇ 32 ಜಿ.ಬಿ.ಯ ಯಂತ್ರ, ಅದರಲ್ಲಿ 28 ಜಿ.ಬಿ. ಬಿಡುವಾಗಿದೆ. ಅಲ್ಲಿ ಉಗ್ರಾಣ ಬರಿದಾಗಲು 22 ಗಂಟೆ ಬೇಕು! ಆ ಯಂತ್ರದ ಒಡೆಯ ಕೆಲಸ ಮುಗಿಸಿ, ಊಟ ಮಾಡಿ, ಯಂತ್ರವನ್ನು ಆರಿಸಿ ಮಲಗುತ್ತಾನೆ. ಸೋರಿಕೆಯಿದೆಯೆಂಬ ಸಂಗತಿಯೇ ಅವನಿಗೆ ಗೊತ್ತಾಗುವುದಿಲ್ಲ. ತಪ್ಪು ಒಂದೇ, ಸಾಲು ಒಂದೇ, ತಂತ್ರಾಂಶವೂ ಒಂದೇ. ಆದರೆ ಒಬ್ಬನಿಗೆ ಅದು ಇಲ್ಲವೇ ಇಲ್ಲ. ಇನ್ನೊಬ್ಬನಿಗೆ ಅದು ಇಡೀ ದಿನದ ದುಡಿಮೆಯನ್ನು ನುಂಗುವ ಬಾವಿ.

ಈಗ ಕೇಳಿ: ಈ ತಂತ್ರಾಂಶಗಳನ್ನು ಬರೆಯುವವರ ಮೇಜಿನ ಮೇಲೆ ಇರುವುದು ಯಾವ ಯಂತ್ರ? ಸಾಮಾನ್ಯವಾಗಿ ಎರಡನೆಯದು. ಅವರು ದುಷ್ಟರಲ್ಲ. ಆದರೆ ಹೊಟ್ಟೆ ತುಂಬಿದವನಿಗೆ ಹಸಿವಿನ ಗಡಿಯಾರ ಕೇಳಿಸುವುದಿಲ್ಲ. ಮ್ಯೂಸ್‌ಸ್ಕೋರಿನ 4ನೆಯ ಆವೃತ್ತಿ 2022ರ ಡಿಸೆಂಬರಿನಲ್ಲಿ ಬಂದಾಗ ಅದರ ಜೊತೆಗೆ ಬಂದ ಹೊಸ ವಾದ್ಯಧ್ವನಿಗಳ ಸಂಗ್ರಹ ಸೊಗಸಾಗಿತ್ತು, ಭಾರವೂ ಆಗಿತ್ತು. ಹಳೆಯ ಯಂತ್ರದವರು ಅನೇಕರು 3ನೆಯ ಆವೃತ್ತಿಯಲ್ಲಿಯೇ ಉಳಿದುಕೊಂಡರು. ಭಾರ ಬೇರೆ, ಸೋರಿಕೆ ಬೇರೆ. ಆದರೆ ಎರಡರ ಏಟೂ ಬೀಳುವುದು ಸಣ್ಣ ಯಂತ್ರದವನ ಬೆನ್ನಿನ ಮೇಲೆಯೇ. ಕಂಪನಿಯ ತಂತ್ರಾಂಶವನ್ನು ಕೊಳ್ಳಲಾರದವನಿಗಾಗಿಯೇ ಇದೆ ಎಂದು ಕೊಂಡಾಡಲ್ಪಡುವ ಸ್ವತ್ತು ಅವನ ಯಂತ್ರದಲ್ಲಿಯೇ ಮೊದಲು ಮುಳುಗುವುದಾದರೆ, ಅವನು ದೂರು ಹೇಳದೆ ಇನ್ನಾರು ಹೇಳಬೇಕು?

ಮೊದಲನೆಯ ಸುಳ್ಳು: "ಪುಕ್ಕಟೆ, ಸುಮ್ಮನಿರು"

ಇಂಗ್ಲಿಷಿನಲ್ಲಿ ಸ್ವತಂತ್ರಕ್ಕೂ ಪುಕ್ಕಟೆಗೂ ಒಂದೇ ಶಬ್ದ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿ, 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವನ್ನು ಸ್ಥಾಪಿಸಿದ ಕಾಲದಿಂದಲೂ ಈ ಗೊಂದಲವನ್ನು ಬಿಡಿಸುವುದರಲ್ಲಿಯೇ ಅರ್ಧ ಆಯುಷ್ಯ ಕಳೆದಿದ್ದಾರೆ: ತಾವು ಹೇಳುತ್ತಿರುವುದು ಬೆಲೆಯ ಮಾತಲ್ಲ, ಹಕ್ಕಿನ ಮಾತು ಎಂದು. ನಮ್ಮ ಕನ್ನಡಕ್ಕೆ ಈ ಕಷ್ಟವಿಲ್ಲ. ನಮ್ಮಲ್ಲಿ ಬಿಟ್ಟಿಯೇ ಬೇರೆ, ಬಿಡುಗಡೆಯೇ ಬೇರೆ. ಹೀಗಿದ್ದೂ ಹಕ್ಕಿನ ಸ್ವತ್ತನ್ನು ಬಿಟ್ಟಿಯ ಸ್ವತ್ತೆಂದು ಕರೆದು, ಅದನ್ನು ಬಳಸುವವನನ್ನು ಭಿಕ್ಷುಕನನ್ನಾಗಿ ಮಾಡುವ ಪರಿಪಾಠವನ್ನು ನಾವು ಎಲ್ಲಿಂದ ಕಲಿತೆವು? ಸರ್ಕಾರಿ ಆಸ್ಪತ್ರೆಯ ಔಷಧಿ ಪುಕ್ಕಟೆ. ಆದ್ದರಿಂದ ಅದು ಕೆಟ್ಟು ಹೋಗಿದ್ದರೆ ರೋಗಿ ಕೇಳಕೂಡದೆ? ಸರ್ಕಾರಿ ಶಾಲೆಯ ಪಾಠ ಪುಕ್ಕಟೆ. ಆದ್ದರಿಂದ ಮಾಸ್ತರು ಬಾರದಿದ್ದರೆ ತಂದೆತಾಯಿಗಳು ಬಾಯಿ ಬಿಡಕೂಡದೆ?

"ಮೂಲಬರಹ ತೆರೆದಿದೆಯಲ್ಲ, ನೀನೇ ಸರಿಪಡಿಸಿಕೋ" ಎನ್ನುವವರ ಮಾತು ಇನ್ನೂ ವಿಚಿತ್ರ. ಲಕ್ಷಾಂತರ ಸಾಲುಗಳ ಬರಹದಲ್ಲಿ ಹಿಂದಿರುಗಿಸದ ಒಂದು ತುಣುಕು ಮೆಮೊರಿಯನ್ನು ಹುಡುಕಲು ವರ್ಷಗಳ ಅಭ್ಯಾಸ ಬೇಕು. ವೀಣೆ ನುಡಿಸುವವಳಿಗೆ, ಭಾಗವತಿಕೆ ಮಾಡುವವನಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಭೂಮಿ ಕೊಳ್ಳುವ ಹಕ್ಕು ಕಾನೂನಿನ ಮುಂದೆ ಎಲ್ಲರಿಗೂ ಸಮಾನ ಎಂದು ಕೂಲಿಯವನಿಗೆ ಉಪದೇಶ ಮಾಡಿದಂತೆ ಇದು. ಹಕ್ಕನ್ನು ಚಲಾಯಿಸುವ ಶಕ್ತಿಯನ್ನು ಒದಗಿಸದೆ ಹಕ್ಕಿದೆಯೆನ್ನುವುದು ಅಣಕ.

ಇದಕ್ಕೆ ಭಾಷೆಯ ಗೋಡೆ ಬೇರೆ. ದೂರು ಕೊಡಬೇಕಾದರೆ ಇಂಗ್ಲಿಷಿನಲ್ಲಿ ಬರೆಯಬೇಕು. ಆವೃತ್ತಿಯ ಸಂಖ್ಯೆ, ಯಂತ್ರದ ವಿವರ, ತಪ್ಪು ಮರಳಿ ಕಾಣಿಸುವ ಕ್ರಮ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಸಲ್ಲಿಸಬೇಕು. ಕನ್ನಡದಲ್ಲಿ ಮಾತ್ರ ಬರೆಯಬಲ್ಲ ಹಾಡುಗಾರನ ದೂರು ದಫ್ತರವನ್ನೇ ಸೇರುವುದಿಲ್ಲ. ಸೇರದ ದೂರು ಇಲ್ಲದ ದೂರೆಂದು ಎಣಿಕೆಯಾಗುತ್ತದೆ. ಎಣಿಕೆಗೆ ಸಿಗದವನು ಲೆಕ್ಕಕ್ಕಿಲ್ಲ! ಸಮಾಜವಾದಿಗಳು ಇಂಗ್ಲಿಷಿನ ಯಜಮಾನಿಕೆಯ ವಿರುದ್ಧ ದನಿಯೆತ್ತಿದ್ದು ಕಚೇರಿ ಕೋರ್ಟುಗಳ ಮಟ್ಟಿಗೆ ಮಾತ್ರ ಎಂದು ಯಾರಾದರೂ ತಿಳಿದಿದ್ದರೆ ಅವರು ತಿಳಿವಳಿಕೆಯನ್ನು ತಿದ್ದಿಕೊಳ್ಳಲಿ.

ಎರಡನೆಯ ಸುಳ್ಳು: "ದುಡ್ಡು ಕೊಡು, ಸುಖವಾಗಿರು"

ಇನ್ನು ವ್ಯಾಪಾರಿಯ ಉತ್ತರಕ್ಕೆ ಬರೋಣ. ದುಡ್ಡು ಕೊಟ್ಟ ತಂತ್ರಾಂಶ ಸೋರುವುದಿಲ್ಲವೆಂದು ಯಾರು ಹೇಳಿದರು? ಅದೂ ಸೋರುತ್ತದೆ, ವ್ಯತ್ಯಾಸವಿಷ್ಟೆ, ಅದರ ಬಾಗಿಲಿಗೆ ಬೀಗವಿದೆ. ಸೋರಿಕೆ ಎಲ್ಲಿದೆಯೆಂದು ನೋಡುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ. ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ "ಯಾವ ಭರವಸೆಯೂ ಇಲ್ಲ" ಎಂಬ ಮಾತಿರುವುದು ನಿಜ. ಆದರೆ ಕಾಸು ಎಣಿಸಿಕೊಂಡ ಕಂಪನಿಗಳ ಕರಾರುಪತ್ರಗಳ ಸಣ್ಣ ಅಕ್ಷರಗಳನ್ನು ಓದಿದವರಿಗೆ ಗೊತ್ತಿದೆ: ನಷ್ಟಕ್ಕೆ ತಾವು ಹೊಣೆಯಲ್ಲವೆಂದು, ಹೆಚ್ಚೆಂದರೆ ಕೊಟ್ಟ ಬೆಲೆಯಷ್ಟಕ್ಕೆ ಮಾತ್ರ ಹೊಣೆಯೆಂದು ಅವರೂ ಬರೆದುಕೊಂಡಿರುತ್ತಾರೆ.

ಕಾಸು ಕೊಟ್ಟವರ ಗತಿ ಏನಾಯಿತೆಂಬುದಕ್ಕೆ ಸಂಗೀತದ ಲೋಕದಲ್ಲಿಯೇ ಎರಡು ದೃಷ್ಟಾಂತಗಳಿವೆ. ಕೇಕ್‌ವಾಕ್ ಎಂಬ ಸಂಸ್ಥೆಯ ಸೋನಾರ್ ತಂತ್ರಾಂಶಕ್ಕೆ 2016ರಲ್ಲಿ "ಜೀವಮಾನವಿಡೀ ಹೊಸ ಆವೃತ್ತಿ" ಎಂಬ ವಾಗ್ದಾನವನ್ನು ಮಾರಲಾಯಿತು. 2017ರ ನವೆಂಬರಿನಲ್ಲಿ ಅದರ ಒಡೆತನ ಹೊಂದಿದ್ದ ಗಿಬ್ಸನ್ ಕಂಪನಿ ಅಂಗಡಿಯನ್ನೇ ಮುಚ್ಚಿತು. ಜೀವಮಾನವೆಂದರೆ ಯಾರ ಜೀವಮಾನವೆಂದು ಕೊಂಡವರು ಕೇಳಬೇಕಾಯಿತು! 2018ರಲ್ಲಿ ಬೇರೊಂದು ಕಂಪನಿ ಅದನ್ನು ಕೊಂಡು ಜೀವ ಉಳಿಸಿತೆಂಬುದು ನಿಜ. ಆದರೆ ಅದು ಬಳಕೆದಾರರ ಅದೃಷ್ಟವೇ ಹೊರತು ಹಕ್ಕಲ್ಲ. ಎರಡನೆಯದು ಸ್ವರಲಿಪಿ ಬರೆಯುವ ಫಿನಾಲೆ. ಮೂವತ್ತೈದು ವರ್ಷ ನಡೆದ ಆ ತಂತ್ರಾಂಶವನ್ನು ಮೇಕ್‌ಮ್ಯೂಸಿಕ್ ಕಂಪನಿ 2024ರ ಆಗಸ್ಟಿನಲ್ಲಿ ನಿಲ್ಲಿಸಿತು. ಒಂದು ವರ್ಷದ ನಂತರ ಹೊಸ ಯಂತ್ರದಲ್ಲಿ ಅದನ್ನು ಹೂಡಿಕೊಳ್ಳಲು ಅನುಮತಿಯೇ ಸಿಗದೆಂದು ಮೊದಲು ಸಾರಿ, ಸಂಗೀತಗಾರರು ಬೊಬ್ಬೆ ಹಾಕಿದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡಿತು. ಒಬ್ಬ ವಾದ್ಯಸಂಯೋಜಕನ ಇಡೀ ಬಾಳಿನ ಬರಹ ಒಂದು ಕಂಪನಿಯ ಬೀಗದ ಕೈಗೆ ಸಿಕ್ಕಿಬಿದ್ದಿತ್ತು ಎಂಬುದು ಅಂದು ಅನೇಕರಿಗೆ ಮೊದಲ ಬಾರಿಗೆ ಅರಿವಾಯಿತು.

ಇದಕ್ಕೆ ಪ್ರತಿಯಾಗಿ ಅಡಾಸಿಟಿಯ ಕಥೆಯನ್ನು ನೋಡಿ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡಾಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿ, 2000ದಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಆ ತಂತ್ರಾಂಶ 2021ರಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿಯ ಕೈಗೆ ಬಂತು. ಬಂದ ಹೊಸದರಲ್ಲಿಯೇ ಬಳಕೆಯ ಮಾಹಿತಿಯನ್ನು ಗೂಗಲ್ ಹಾಗೂ ಯಾಂಡೆಕ್ಸ್ ಕಂಪನಿಗಳ ಸಾಧನಗಳ ಮೂಲಕ ಸಂಗ್ರಹಿಸುವ ಸಲಹೆ ಮುಂದಿಟ್ಟರು. ಬಳಕೆದಾರರು ಎದ್ದು ನಿಂತರು. ಸಲಹೆ ಬಿದ್ದುಹೋಯಿತು. ಕೆಲವರು ಟೆನಾಸಿಟಿ ಮೊದಲಾದ ಹೆಸರುಗಳಲ್ಲಿ ಕವಲೊಡೆದು ಬೇರೆಯಾಗಿಯೇ ನಡೆಸತೊಡಗಿದರು. ಕಂಪನಿ ಮಣಿದದ್ದು ಏಕೆ? ಬಳಕೆದಾರರು ಒಂದು ಕಾಸೂ ಕೊಟ್ಟಿರಲಿಲ್ಲ. ಆದರೆ ಮೂಲಬರಹ ಎಲ್ಲರ ಸ್ವತ್ತಾಗಿತ್ತು. ಬೇಕಾದರೆ ಹೊತ್ತುಕೊಂಡು ಹೊರನಡೆಯಬಹುದಾಗಿತ್ತು. ಫಿನಾಲೆಯವರಿಗೆ ಕಾಸು ಕೊಟ್ಟವರಿಗೆ ಇಲ್ಲದ ಬಲ ಇವರಿಗಿತ್ತು. ಆದ್ದರಿಂದ, ಸೋರುತ್ತಿದೆಯೆಂದು ಸಾಮಾನ್ಯ ಸ್ವತ್ತನ್ನು ಬಿಟ್ಟು ಜಮೀನ್ದಾರನ ಮನೆಯ ಜಗಲಿಗೆ ಹೋಗಿ ಮಲಗು ಎಂಬ ಉಪದೇಶವನ್ನು ನಾವು ತಿರಸ್ಕರಿಸುತ್ತೇವೆ.

ಮುಚ್ಚಿಟ್ಟ ಸತ್ಯ

ಹಾಗಾದರೆ ಸೋರಿಕೆ ಏಕೆ ನಿಲ್ಲುವುದಿಲ್ಲ? ವಿದ್ಯೆ ಇಲ್ಲದೆಯೆ? ಅಲ್ಲ. ಸೋರಿಕೆಯನ್ನು ಹಿಡಿಯುವ ವಾಲ್‌ಗ್ರಿಂಡ್ ಎಂಬ ಸಾಧನವನ್ನು ಜೂಲಿಯನ್ ಸೀವರ್ಡ್ 2002ರಲ್ಲಿಯೇ ಲೋಕಕ್ಕೆ ಕೊಟ್ಟರು. ಅದೂ ಮುಕ್ತ ತಂತ್ರಾಂಶವೇ. ಯಾವ ಸಾಲು ಎಷ್ಟು ಜಾಗವನ್ನು ಎರವಲು ತಂದು ಹಿಂದಿರುಗಿಸಲಿಲ್ಲ ಎಂಬುದನ್ನು ಅದು ಪಟ್ಟಿ ಮಾಡಿ ಕೊಡುತ್ತದೆ. ಕಳ್ಳನನ್ನು ಹಿಡಿಯುವ ದೀಪ ಎರಡು ದಶಕಗಳಿಂದ ಇದೆ. ಇಲ್ಲದಿರುವುದು ಆ ದೀಪ ಹಿಡಿದು ರಾತ್ರಿಯೆಲ್ಲ ನಿಲ್ಲುವವನ ಕೂಲಿ.

ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಹೂಳು ತೆಗೆದವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ತಂತ್ರಾಂಶದಲ್ಲಿಯೂ ಹಾಗೆಯೇ. ಹೊಸ ಸೌಕರ್ಯದ ಉದ್ಘಾಟನೆಗೆ ಚಪ್ಪಾಳೆಯುಂಟು. ಸೋರಿಕೆ ಮುಚ್ಚುವ ಕೆಲಸ ಹೂಳೆತ್ತುವ ಕೆಲಸ: ಬೇಸರದ್ದು, ಕಣ್ಣಿಗೆ ಕಾಣದ್ದು, ಹೊಗಳಿಕೆ ಇಲ್ಲದ್ದು. ಹಗಲೆಲ್ಲ ಇನ್ನೊಬ್ಬರ ನೌಕರಿ ಮಾಡಿ, ರಾತ್ರಿ ಹೆಂಡತಿ ಮಕ್ಕಳು ಮಲಗಿದ ಮೇಲೆ ಈ ಕೆಲಸಕ್ಕೆ ಕೂರುವ ಸ್ವಯಂಸೇವಕನಿಂದ ಎಷ್ಟು ಹೂಳು ಎತ್ತಿಸಲು ಸಾಧ್ಯ?

ಇತ್ತ ಆ ಕೆರೆಯ ನೀರನ್ನು ಪಂಪು ಹಾಕಿ ಎಳೆಯುವವರು ಯಾರೆಂದು ನೋಡಿ. ಧ್ವನಿ ಮತ್ತು ಚಲನಚಿತ್ರಗಳನ್ನು ಬಿಚ್ಚಿ ಕಟ್ಟುವ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶವನ್ನು 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದರು. ಹಾಡು ಕೇಳಿಸುವ, ಚಿತ್ರ ತೋರಿಸುವ ಅಸಂಖ್ಯ ತಂತ್ರಾಂಶಗಳ ಹೊಟ್ಟೆಯೊಳಗೆ ಅದು ಕುಳಿತಿದೆ. ಬಹುಪಾಲು ಸ್ವಯಂಸೇವಕರಿಂದಲೇ ನಡೆದುಬಂದಿದೆ. 2024ರ ಏಪ್ರಿಲಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ನೌಕರನೊಬ್ಬ ತಮ್ಮ ಮಾರಾಟದ ತಂತ್ರಾಂಶಕ್ಕೆ ತೊಂದರೆಯಾಗಿದೆ, ಇದು ತುರ್ತು ಎಂದು ಅಲ್ಲಿ ದೂರು ಸಲ್ಲಿಸಿದ. ನಿರಂತರ ನಿರ್ವಹಣೆಗೆ ಕರಾರು ಮಾಡಿಕೊಳ್ಳಿ ಎಂದು ಕೇಳಿದ್ದಕ್ಕೆ ಕೆಲವು ಸಾವಿರ ಡಾಲರುಗಳನ್ನು ಒಂದೇ ಬಾರಿಗೆ ಕೊಡುವುದಾಗಿ ಕಂಪನಿ ಹೇಳಿತೆಂದು ಎಫ್‌ಎಫ್‌ಎಂಪೆಗ್‌ನವರೇ ಬಹಿರಂಗವಾಗಿ ಸಾರಿದರು. ಜಗತ್ತಿನ ಅತ್ಯಂತ ಶ್ರೀಮಂತ ಕಂಪನಿಗಳಲ್ಲಿ ಒಂದು! ತುರ್ತು ಮಾತ್ರ ತನ್ನದು, ದುಡಿಮೆ ಇನ್ನೊಬ್ಬನದು. ಇದನ್ನು ಬಿಟ್ಟಿಕೆಲಸವೆನ್ನದೆ ಬೇರೆ ಯಾವ ಹೆಸರಿನಿಂದ ಕರೆಯೋಣ?

ನಿಜವಾದ ಪುಕ್ಕಟೆ ಗಿರಾಕಿ ಯಾರು ಹೇಳಿ. ಹಳೆಯ ಯಂತ್ರದಲ್ಲಿ ಜಾನಪದ ಗೀತೆ ಮುದ್ರಿಸಿಕೊಳ್ಳುವ ಹುಡುಗನೋ, ಸಾಮಾನ್ಯ ಸ್ವತ್ತಿನ ಮೇಲೆ ಮಹಡಿ ಕಟ್ಟಿ ಬಾಡಿಗೆ ಎತ್ತುವ ಕಂಪನಿಯೋ? "ಪುಕ್ಕಟೆ, ಸುಮ್ಮನಿರು" ಎಂಬ ಮಾತನ್ನು ಹುಡುಗನಿಗೆ ಹೇಳುವ ಧೈರ್ಯವಿದ್ದವರು ಕಂಪನಿಯ ಮುಂದೆ ಏಕೆ ನಾಲಿಗೆ ಕಚ್ಚಿಕೊಳ್ಳುತ್ತಾರೆ?

ದುಡಿಮೆಗೆ ವ್ಯವಸ್ಥೆಯಾದಲ್ಲಿ ಸೋರಿಕೆ ನಿಂತ ಉದಾಹರಣೆಯೂ ಇದೆ. ಫೈರ್‌ಫಾಕ್ಸ್ ಎಂಬ ಮುಕ್ತ ಬ್ರೌಸರು ಮೆಮೊರಿ ನುಂಗುತ್ತದೆಂಬ ದೂರು ಬಹುಕಾಲದಿಂದ ಇತ್ತು. 2011ರಲ್ಲಿ ಮೊಜಿಲ್ಲಾ ಸಂಸ್ಥೆ ಮೆಮ್‌ಶ್ರಿಂಕ್ ಎಂಬ ಹೆಸರಿನಲ್ಲಿ ಇದಕ್ಕೆಂದೇ ಒಂದು ತಂಡವನ್ನು ನಿಲ್ಲಿಸಿತು. ಮುಂದಾಳಾಗಿದ್ದ ನಿಕೊಲಸ್ ನೆದರ್ಕೋಟ್, ಮೇಲೆ ಹೇಳಿದ ವಾಲ್‌ಗ್ರಿಂಡ್ ಸಾಧನಕ್ಕೂ ದುಡಿದವರೇ. ಅಳತೆಯ ಸಾಧನಗಳನ್ನು ಕಟ್ಟಿದರು, ಸಭೆ ಸೇರಿ ದೂರುಗಳನ್ನು ಒಂದೊಂದಾಗಿ ವಿಂಗಡಿಸಿದರು, ಮುಚ್ಚುತ್ತ ಬಂದರು. 2012ರ ಆಗಸ್ಟಿನಲ್ಲಿ ಬಂದ 15ನೆಯ ಆವೃತ್ತಿಯಲ್ಲಿ, ಹೊರಗಿನವರು ಬರೆದ ಸೇರ್ಪಡೆಗಳಿಂದ ಆಗುತ್ತಿದ್ದ ಸೋರಿಕೆಯ ಬಹುಭಾಗಕ್ಕೇ ತಡೆ ಬಿತ್ತು. ಅಲ್ಲಿ ಪವಾಡವೇನೂ ನಡೆಯಲಿಲ್ಲ. ಸಂಬಳ ಪಡೆಯುವ ಕೆಲಸಗಾರರಿದ್ದರು, ಬಳಕೆದಾರರ ದೂರಿಗೆ ಗೌರವವಿತ್ತು, ಇಷ್ಟೆ.

ಸಿಟ್ಟು ಯಾರ ಮೇಲೆ?

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಬೇಕಾಗಿದೆ. ದೂರು ನ್ಯಾಯವಾದದ್ದು, ಆದರೆ ಅದು ಬೈಗುಳವಾದರೆ ಅದರ ಏಟು ಬೀಳುವುದು ಕಂಪನಿಯ ಮೇಲಲ್ಲ, ಒಬ್ಬಂಟಿಯಾಗಿ ಹೂಳೆತ್ತುತ್ತಿರುವವನ ಮೇಲೆ. ಅದರ ಫಲವೇನೆಂಬುದನ್ನು 2024ರ ಮಾರ್ಚ್ ತಿಂಗಳು ಲೋಕಕ್ಕೆ ತೋರಿಸಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ಮುಕ್ತ ತಂತ್ರಾಂಶವನ್ನು ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದ. 2022ರಲ್ಲಿ ಕೆಲವರು ಅವನಿಗೆ ಮೇಲಿಂದ ಮೇಲೆ ಕಾಗದ ಬರೆದು, ಕೆಲಸ ತಡವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡು ಎಂದು ಪೀಡಿಸಿದರು. ಅವೆಲ್ಲ ನಕಲಿ ಹೆಸರುಗಳಿರಬೇಕೆಂದು ಆಮೇಲೆ ಬಲವಾದ ಶಂಕೆ ಹುಟ್ಟಿತು. ದಣಿದಿದ್ದ ಅವನು ಸಹಾಯಕ್ಕೆ ಬಂದ ಇನ್ನೊಂದು ಹೆಸರಿಗೆ ಅಧಿಕಾರವನ್ನು ಹಂಚಿಕೊಟ್ಟ. ಆ ಹೆಸರು ತಂತ್ರಾಂಶದೊಳಗೆ ಕಳ್ಳಬಾಗಿಲನ್ನು ಇಟ್ಟಿತು. ಬಳಕೆದಾರರ ಅಸಹನೆಯೆಂಬುದನ್ನೇ ಆಯುಧ ಮಾಡಿಕೊಂಡು ನಡೆಸಿದ ಹುನ್ನಾರವದು.

ಆದರೆ ಆ ಕಳ್ಳಬಾಗಿಲು ಸಿಕ್ಕಿಬಿದ್ದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತನ್ನ ಯಂತ್ರದಲ್ಲಿ ಒಂದು ಕೆಲಸ ಸುಮಾರು ಅರ್ಧ ಸೆಕೆಂಡು ತಡವಾದಂತೆ ಕಂಡಿತು. ವಾಲ್‌ಗ್ರಿಂಡ್ ಕೂಡ ಏನೋ ತಪ್ಪಿದೆಯೆಂದು ಕೂಗುತ್ತಿತ್ತು. ಆತ ಬೈಯಲಿಲ್ಲ, ಅಳೆದ, ಬೆನ್ನು ಹತ್ತಿದ, ಬಯಲಿಗೆ ತಂದ. ಅದೇ ಪ್ರಸಂಗದಲ್ಲಿ ಎರಡು ಬಗೆಯ ದೂರುಗಳಿವೆ: ಪೀಡಿಸುವ ದೂರು ಮನೆ ಮುರಿಯಿತು, ಅಳತೆಯ ದೂರು ಮನೆ ಉಳಿಸಿತು.

ಅಳತೆಯ ಮಹತ್ವವನ್ನು ನಮ್ಮ ಚಳವಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1951ರ ಕಾಗೋಡಿನ ಹೋರಾಟದಲ್ಲಿ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಒಡೆಯರ ಕೊಳಗದ ಅಳತೆಯದೂ ಒಂದಾಗಿತ್ತು. ಸಂಗೀತದ ತಂತ್ರಾಂಶ ಬಳಸುವವರೂ ಅಳೆಯುವುದನ್ನು ಕಲಿಯಲಿ. ಏರಿದ್ದೆಲ್ಲ ಸೋರಿಕೆಯಲ್ಲ, ಮಾಡಿದ್ದನ್ನು ರದ್ದುಮಾಡುವ ಸೌಕರ್ಯಕ್ಕೆಂದು ಹಳೆಯ ರೂಪಗಳನ್ನು ಕಾದಿಡಲೂ ಜಾಗ ಬೇಕು. ಒಂದೇ ಹಾಡನ್ನು ಹತ್ತು ಸಲ ತೆರೆದು ಮುಚ್ಚಿ. ಪ್ರತಿ ಸಲವೂ ಆ ತಂತ್ರಾಂಶ ಹಿಡಿದಿಟ್ಟುಕೊಂಡ ಮೆಮೊರಿ ಎಷ್ಟೆಂದು ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ ಕಾಗದದ ಮೇಲೆ ಬರೆದುಕೊಳ್ಳಿ. ಮುಚ್ಚಿದ ಮೇಲೂ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಲೇ ಹೋದರೆ ನಿಮ್ಮ ಕೈಯಲ್ಲಿ ಸಾಕ್ಷಿಯಿದೆ. ಆ ಹತ್ತು ಅಂಕಿಗಳ ಚೀಟಿ ನೂರು ಬೈಗುಳಕ್ಕಿಂತ ದೊಡ್ಡದು.

ನಾವು ಕೇಳುವುದು ಇಷ್ಟು

1. ತಂತ್ರಾಂಶ ಬರೆಯುವವರು ಹೊಸ ಆವೃತ್ತಿಯನ್ನು ಬಿಡುವ ಮೊದಲು 4 ಜಿ.ಬಿ.ಯ ಹಳೆಯ ಯಂತ್ರವೊಂದರಲ್ಲಿ ಎಂಟು ಗಂಟೆ ಎಡೆಬಿಡದೆ ಓಡಿಸಿ ನೋಡಲಿ. ಬಡವನ ಯಂತ್ರದಲ್ಲಿ ತೇರ್ಗಡೆಯಾಗದ್ದು ತೇರ್ಗಡೆಯಾದಂತೆ ಅಲ್ಲ.

2. ಮುಕ್ತ ತಂತ್ರಾಂಶದ ಮೇಲೆ ವ್ಯಾಪಾರ ಕಟ್ಟಿರುವ ಕಂಪನಿಗಳು ಅದರ ನಿರ್ವಹಣೆಗೆ ವರ್ಷ ವರ್ಷವೂ ಪಾಲು ಕೊಡಲಿ. ಬೆಂಗಳೂರಿನ ಝೀರೋಧಾ ಕಂಪನಿ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯೊಂದನ್ನು ಇದಕ್ಕೆಂದು ಘೋಷಿಸಿತು. ಒಳ್ಳೆಯದೇ. ಆದರೆ ಷೇರುಪೇಟೆಯ ದಲ್ಲಾಳಿಯ ಔದಾರ್ಯ ಇಂದು ಇರುತ್ತದೆ, ನಾಳೆ ಇಲ್ಲ. ನಾವು ಕೇಳುವುದು ದಾನವಲ್ಲ, ಬಾಕಿ. ಮಿಕ್ಕ ಕಂಪನಿಗಳು ಎಲ್ಲಿ?

3. ಭಾರತ ಸರ್ಕಾರ 2015ರಲ್ಲಿಯೇ ತನ್ನ ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಸಾರಿದೆ. ನೆರೆಯ ಕೇರಳದಲ್ಲಿ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳನ್ನು ಮುಕ್ತ ತಂತ್ರಾಂಶದ ಮೇಲೆಯೇ ನಡೆಸಿ ತೋರಿಸಿದೆ. ಜರ್ಮನಿ 2022ರಲ್ಲಿ ಸಾರ್ವಜನಿಕ ಹಣದಿಂದ ಒಂದು ನಿಧಿಯನ್ನು ಸ್ಥಾಪಿಸಿ, 2023ರಲ್ಲಿ ಗ್ನೋಮ್ ಯೋಜನೆಗೆ 10 ಲಕ್ಷ ಯೂರೋ ಕೊಟ್ಟಿತು; ಎಫ್‌ಎಫ್‌ಎಂಪೆಗ್‌ಗೂ ಆಮೇಲೆ ನೆರವಾಯಿತು. ನಮ್ಮ ಸರ್ಕಾರಗಳು ಮುಕ್ತ ತಂತ್ರಾಂಶವನ್ನು ಬಳಸುವಲ್ಲೆಲ್ಲ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಹೂಳೆತ್ತಲು ಮೀಸಲಿಡಲಿ.

4. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕನ್ನಡದಲ್ಲಿ ದೂರು ತೆಗೆದುಕೊಳ್ಳುವ ಮೇಜು ಏರ್ಪಡಲಿ. ವಿದ್ಯಾರ್ಥಿಗಳು ಆ ದೂರನ್ನು ಪರೀಕ್ಷಿಸಿ, ಭಾಷಾಂತರಿಸಿ, ಬಲ್ಲವರಾದರೆ ಸರಿಪಡಿಸಿಯೂ ಕಳುಹಿಸಲಿ. ಉತ್ತರ ಪತ್ರಿಕೆಯಲ್ಲಿ ಸೋರಿಕೆಯ ವ್ಯಾಖ್ಯೆ ಬರೆದು ಅಂಕ ಪಡೆಯುವುದಕ್ಕಿಂತ ಒಂದು ಸೋರಿಕೆಯನ್ನು ಮುಚ್ಚುವುದು ಮೇಲಾದ ವಿದ್ಯೆ.

5. ಕೈಲಾದ ಬಳಕೆದಾರರು ಕೈಲಾದಷ್ಟು ಕೊಡಲಿ. ಅಮೆಜಾನ್ ಕಂಪನಿಯ ಆರಂಭದ ಪ್ರೋಗ್ರಾಮರುಗಳಲ್ಲಿ ಒಬ್ಬನಾಗಿದ್ದು ಅಲ್ಲಿಂದ ಹೊರಬಂದ ಪಾಲ್ ಡೇವಿಸ್ ಕಟ್ಟಿದ ಆರ್ಡರ್ ತಂತ್ರಾಂಶದ ಮೂಲಬರಹ ಎಲ್ಲರಿಗೂ ತೆರೆದಿದೆ. ಸಿದ್ಧ ರೂಪವನ್ನು ಇಳಿಸಿಕೊಳ್ಳುವವರು ಒಂದು ಡಾಲರಿನಿಂದ ಮೊದಲುಗೊಂಡು ಶಕ್ತ್ಯನುಸಾರ ಕೊಡುತ್ತಾರೆ. ಜನರ ಸಣ್ಣ ವಂತಿಗೆಯಿಂದ ದುಡಿಯುವವನ ಒಲೆ ಉರಿಯಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ.

ಈ ಐದರಲ್ಲಿ ಅಸಾಧ್ಯವಾದದ್ದು ಯಾವುದು? ಯಾರಾದರೂ ತೋರಿಸಲಿ. ಕಾಸಿಲ್ಲದವನ ಕೈಗೂ ಹಾಡು ಮುದ್ರಿಸುವ ಸಾಧನ ಬಂದದ್ದು ಸಾಮಾನ್ಯ ಸಂಗತಿಯಲ್ಲ; ಹಿಂದೆ ಅದು ಸ್ಟುಡಿಯೋದ ಬಾಡಿಗೆ ತೆರಬಲ್ಲವರ ಸೊತ್ತಾಗಿತ್ತು. ಬಂದ ಸಾಧನವನ್ನು ಸೋರಿಕೆಯ ನೆಪ ಹೇಳಿ ಅವನ ಕೈಯಿಂದ ಕಿತ್ತುಕೊಳ್ಳಲು ವ್ಯಾಪಾರಿ ಕಾದಿದ್ದಾನೆ. ಸುಮ್ಮನಿರೆಂದು ಬೆದರಿಸಿ ಅವನನ್ನು ತಾನಾಗಿಯೇ ವ್ಯಾಪಾರಿಯ ಕಡೆಗೆ ಓಡಿಸುವ ಮೂಢತನ ಇನ್ನೊಂದು ಕಡೆ ಇದೆ. ಬಳಕೆದಾರನೂ ಸ್ವಯಂಸೇವಕನೂ ಒಬ್ಬರನ್ನೊಬ್ಬರು ಬೈದುಕೊಳ್ಳುವವರೆಗೆ ಇಬ್ಬರ ದುಡಿಮೆಯ ಮೇಲೂ ಮಹಡಿ ಕಟ್ಟಿದವನು ನೆಮ್ಮದಿಯಾಗಿ ನಿದ್ರಿಸುತ್ತಾನೆ. ಇಬ್ಬರೂ ಒಂದೇ ಲೆಕ್ಕದ ಪುಸ್ತಕವನ್ನು ಹಿಡಿದು ಅವನ ಬಾಗಿಲು ತಟ್ಟುವ ಕಾಲ ಬಂದಿದೆ.